ಕುಲುಮೆಗೂ ಎಣ್ಣೆಗೂ ನಡುವೆ ಒಂದು ಗೋಡೆ

ಜನ ಅವಳನ್ನು ಕುಲುಮೆಯಕ್ಕ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಸ್ಪ್ರಿಂಗ್ ಕಾರ್ಖಾನೆಗೆ ಬಂದು ನಿಂತವಳು. ಕುರ್ಚಿಯಲ್ಲಿ ಕೂತು ಯಜಮಾನಿಕೆ ಮಾಡಿದವಳಲ್ಲ. ಹೆಬ್ಬೆರಳು ಗಾತ್ರದ ಉಕ್ಕಿನ ಸರಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಸುರುಳಿ ಸುತ್ತಿ, ಆ ಕೆಂಪು ಮಂಕಾಗುವ ಮೊದಲೇ ಎಣ್ಣೆಯ ತೊಟ್ಟಿಗೆ ಇಳಿಸಬೇಕು. ತಡವಾದರೆ ಸ್ಪ್ರಿಂಗು ನೋಟಕ್ಕೆ ಸರಿಯಾಗಿಯೇ ಇರುತ್ತದೆ, ಒಳಗೆ ಮೆತ್ತಗಾಗಿರುತ್ತದೆ. ಕೆಲವು ತಿಂಗಳು ಭಾರ ಹೊತ್ತು, ಒಂದು ದಿನ ಕುಸಿದು ಕೂರುತ್ತದೆ. ಅವಳ ಸ್ಪ್ರಿಂಗುಗಳು ಹೋಗುತ್ತಿದ್ದುದು ಲಿಫ್ಟುಗಳ ಬ್ರೇಕಿಗೆ.

ಮಾಲು ಚೆನ್ನಾಗಿತ್ತು, ಬೇಡಿಕೆ ಏರಿತು. ತೊಂದರೆ ಶುರುವಾದದ್ದು ಅಲ್ಲಿಂದ. ಇಪ್ಪತ್ತು ಆಳಿನವರೆಗೆ ಸಣ್ಣ ಕಾರ್ಖಾನೆ, ತೆರಿಗೆಯಲ್ಲಿ ರಿಯಾಯಿತಿ. ಇನ್ನೊಬ್ಬ ಆಳು ಬಾಗಿಲು ದಾಟಿದರೆ ಬೇರೆ ವರ್ಗ: ತೆರಿಗೆ ದುಪ್ಪಟ್ಟು, ಯಂತ್ರಕ್ಕೊಂದು ಪರವಾನಗಿ, ಪರವಾನಗಿಗೊಂದು ತಪಾಸಣೆ. ಊರಾಚೆಯ ದೊಡ್ಡ ಸ್ಪ್ರಿಂಗ್ ಕಂಪನಿಗೆ ಈ ಕಾಟವಿರಲಿಲ್ಲ. ಬಂಡವಾಳ ತಂದಿದೆಯೆಂದು ಸರ್ಕಾರ ಅದಕ್ಕೆ ಹತ್ತು ವರ್ಷ ತೆರಿಗೆ ಮನ್ನಾ ಮಾಡಿತ್ತು. ಸಣ್ಣವರೂ ಬದುಕಬಹುದಿತ್ತು, ದೊಡ್ಡವರೂ ಬದುಕಬಹುದಿತ್ತು. ಬೆಳೆಯುತ್ತಿರುವವರ ಕುತ್ತಿಗೆಗೆ ಮಾತ್ರ ಕೈ.

ತೆರಿಗೆ ಸಲಹೆಗಾರ ದಾರಿ ತೋರಿಸಿದ. "ಬೆಳೀರಿ, ಬೇಡ ಅನ್ನಲ್ಲ. ಬೆಳೆದ ಹಾಗೆ ಕಾಣಬೇಡಿ. ಮಧ್ಯೆ ಒಂದು ಗೋಡೆ ಎಬ್ಬಿಸಿ. ಈಚೆ ನಿಮ್ಮ ಹೆಸರು, ಆಚೆ ನಿಮ್ಮ ಮೈದುನನ ಹೆಸರು. ಎರಡು ಸಣ್ಣ ಕಾರ್ಖಾನೆ."

"ಮಧ್ಯೆ ಅಂದ್ರೆ ಕುಲುಮೆಗೂ ತೊಟ್ಟಿಗೂ ನಡುವೆ ಬರುತ್ತೆ."

"ಮತ್ತೆ? ಎರಡೂ ನಿಮ್ಮ ಕಡೆನೇ ಇದ್ರೆ ಆಚೆಯವರು ನೊಣ ಹೊಡೀತಾರಾ? ಅವರಿಗೂ ಒಂದು ಕೆಲಸ ಅಂತ ತೋರಿಸ್ಬೇಕಲ್ಲ."

ಗೋಡೆ ಎದ್ದಿತು. ಎದೆಮಟ್ಟದಲ್ಲಿ ಒಂದು ಕಿಂಡಿ ಬಿಡಿಸಿಕೊಂಡಳು. ಈಚೆಯಿಂದ ಅವಳು ಇಕ್ಕಳದಲ್ಲಿ ಕೊಟ್ಟರೆ ಆಚೆ ಮೈದುನ ಹಿಡಿದು ಎಣ್ಣೆಗೆ ಇಳಿಸುತ್ತಿದ್ದ. ಹೇಗೋ ನಡೆಯಿತು. ಆಮೇಲೆ ಇನ್‌ಸ್ಪೆಕ್ಟರ್ ಬಂದ. ಕಿಂಡಿಯೊಳಗೆ ತಲೆ ತೂರಿಸಿ ನೋಡಿದ.

"ಇಬ್ಬರ ವ್ಯಾಪಾರ, ಒಂದೇ ಕಿಂಡಿ. ಇದೇನಮ್ಮ, ಪಕ್ಕದ ಮನೆಯಿಂದ ಸಕ್ಕರೆ ಸಾಲ ತಗೊಳ್ಳೋಕಾ? ಮುಚ್ಚಿಸಿ. ಇಲ್ಲಾಂದ್ರೆ ಎರಡೂ ಒಂದೇ ಅಂತ ಬರೀತೀನಿ."

ಮುಚ್ಚಿಸಿದಳು. ನೆಲದಲ್ಲಿ ಹೂತ ತೊಟ್ಟಿಯನ್ನು ಕದಲಿಸುವುದಕ್ಕೂ ಹೊಸ ಪರವಾನಗಿ ಬೇಕು. ಹಾಗಾಗಿ ಕಾದ ಸ್ಪ್ರಿಂಗುಗಳು ಕೈಗಾಡಿಯಲ್ಲಿ ಬಾಗಿಲು ದಾಟಿ, ಅಂಗಳ ಸುತ್ತಿ, ಆಚೆ ಬಾಗಿಲಿನಿಂದ ಒಳಗೆ ಹೋಗತೊಡಗಿದವು. ಎರಡು ಕಡೆಗೂ ಬೇರೆ ಬೇರೆ ಕಾವಲುಗಾರ, ಬೇರೆ ಬೇರೆ ಗುಮಾಸ್ತ. ಕೈಗಳು ಮೊದಲಿನ ಎರಡರಷ್ಟಾದವು. ಸಂಜೆಗೆ ಸಿದ್ಧವಾಗುವ ಸ್ಪ್ರಿಂಗು ಮೊದಲಿನಷ್ಟೂ ಇರಲಿಲ್ಲ. ಗಾಳಿ ಬೀಸಿದ ದಿನ ಕಿತ್ತಳೆಗೆಂಪು ಅಂಗಳದ ಅರ್ಧಕ್ಕೇ ಕಂದುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಒತ್ತಿ ನೋಡ್ದೆ ಅತ್ತಿಗೆ," ಎಂದ ಮೈದುನ. "ಎದ್ದು ನಿಲ್ತಿದೆ."

"ಇವತ್ತು ನಿಲ್ಲುತ್ತೆ."

ಅವನು ಕೈಯಲ್ಲಿದ್ದ ಸ್ಪ್ರಿಂಗನ್ನು ಕೆಳಗಿಟ್ಟ. "ಗೋಡೆ ಒಡೆದುಬಿಡೋಣ್ವಾ?"

"ಒಡೆದ್ರೆ ದೊಡ್ಡ ವರ್ಗದ ತೆರಿಗೆ. ಅರ್ಧ ಜನರನ್ನ ಮನೆಗೆ ಕಳಿಸ್ಬೇಕು. ಯಾರ್ಯಾರನ್ನ ಅಂತ ನೀನೇ ಹೇಳು. ಉಳಿದದ್ದನ್ನ ಕಂಪನಿ ನುಂಗುತ್ತೆ, ಬಾಯಿ ತೆರ್ಕೊಂಡೇ ಕೂತಿದೆ."

ಮೈದುನ ಖಾಲಿ ಗಾಡಿ ತಳ್ಳಿಕೊಂಡು ಹೋದ. ಅವಳು ಮತ್ತೆ ಕೇಳಲಿಲ್ಲ. ಮಾಲು ಹೋಗುತ್ತಲೇ ಇತ್ತು.

ಮಗಳು ಹೊಸ ಕಟ್ಟಡದ ಏಳನೆಯ ಮಹಡಿಗೆ ಮನೆ ಬದಲಾಯಿಸಿದಳು. ಕುಲುಮೆಯಕ್ಕ ನೋಡಲು ಹೋದ ದಿನ, ತುಂಬು ಬಸುರಿ ಮಗಳು ಕೆಳಗಿಳಿದು ಬಂದು ಕಾಯುತ್ತಿದ್ದಳು. ಲಿಫ್ಟಿನ ಬಾಗಿಲ ಮೇಲೆ, ತನ್ನ ಸ್ಪ್ರಿಂಗು ಕೊಳ್ಳುವ ಲಿಫ್ಟು ತಯಾರಕರ ಗುರುತನ್ನು ಕುಲುಮೆಯಕ್ಕ ಕಂಡಳು. ಮಗಳು ಗುಂಡಿ ಒತ್ತಲು ಹೋದಾಗ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಮೆಟ್ಟಿಲಲ್ಲಿ ಹೋಗೋಣ."

"ಏಳು ಮಹಡೀನಾ? ಈ ಹೊಟ್ಟೆ ಹೊತ್ಕೊಂಡಾ?"

"ಕೂತು ಕೂತು ಹೋಗೋಣ."

"ಅಮ್ಮ, ಇದರಲ್ಲಿರೋದು ನಿನ್ನ ಸ್ಪ್ರಿಂಗೇ. ಅಕ್ಕಪಕ್ಕದವರಿಗೆಲ್ಲ ಹೇಳ್ಕೊಂಡು ಮೆರೀತಿದ್ದೀನಿ ನಾನು."

"ಅದಕ್ಕೇ."

ಮಗಳು ನಗಲು ಹೊರಟವಳು ತಾಯಿಯ ಮುಖ ನೋಡಿ ನಿಲ್ಲಿಸಿದಳು. ಅಷ್ಟರಲ್ಲಿ ಎದುರುಮನೆಯ ಮುದುಕ ದಂಪತಿ ತರಕಾರಿ ಚೀಲ ಹಿಡಿದು ಬಂದರು. ಬಾಗಿಲು ತೆರೆಯಿತು. "ಬನ್ನಿ, ಜಾಗ ಬೇಕಾದಷ್ಟಿದೆ," ಎಂದಳು ಮುದುಕಿ.

"ನೀವು ಹೋಗಿ," ಎಂದಳು ಕುಲುಮೆಯಕ್ಕ. ಬಾಗಿಲು ಮುಚ್ಚಿತು.

ತಾಯಿ ಮಗಳು ಮೆಟ್ಟಿಲು ಹತ್ತಿದರು. ಗೋಡೆಯಾಚೆ ಲಿಫ್ಟಿನ ಗುಂಯ್ ಸದ್ದು ಅವರನ್ನು ದಾಟಿ ಮೇಲಕ್ಕೆ ಹೋಯಿತು. ಮೊದಲ ತಿರುವಿನಲ್ಲಿ ಮಗಳು ಕೂತಳು.

"ಅವರಿಗ್ಯಾಕೆ ಹೇಳ್ಲಿಲ್ಲ?"

ಮೇಲೆ ಸದ್ದು ನಿಂತಿತ್ತು. ಕುಲುಮೆಯಕ್ಕ ತಲೆ ಎತ್ತಿ ಕಿವಿಗೊಟ್ಟಳು. ಬಾಗಿಲು ತೆರೆದ ಸಪ್ಪಳ, ಮುದುಕಿಯ ಮಾತು, ಬೀಗದ ಕೈ. ಆ ದಿನ ಎಲ್ಲವೂ ಕೇಳಿಸಿತು.

ಮರುದಿನ ಬೆಳಿಗ್ಗೆ ಕುಲುಮೆ ಹೊತ್ತಿಸಿದಳು. ಕಿಂಡಿ ಇದ್ದ ಕಡೆ ಗಾರೆಯ ಬಣ್ಣ ಇನ್ನೂ ಬೇರೆಯೇ ಇತ್ತು. ಅದಕ್ಕೆ ಬೆನ್ನು ಮಾಡಿ, ಮೊದಲ ಗಾಡಿ ತುಂಬಿಸಿ ಅಂಗಳಕ್ಕೆ ಕಳಿಸಿದಳು. ಹೊರಗೆ ಗಾಳಿ ಬೀಸುತ್ತಿತ್ತು.