ಕನ್ಯಾ ನೋಡಲು ಬಂದ ದಿನ ಬಿಚ್ಚಿಟ್ಟಿದ್ದ ಇಂಜಿನ್

ನಾನು ಹಡಗಿನ ಇಂಜಿನಿಯರ್. ನಮ್ಮೂರು ಇರುವುದು ಹಿರೇಕೆರೂರು ತಾಲೂಕಿನಲ್ಲಿ, ಅಬಲೂರಿನಿಂದ ತುಸು ದೂರ. ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ನಮ್ಮ ಓಣಿಯ ಬಹಳ ಮಂದಿ ಆ ಗೋಜಿಗೆ ಹೋದವರಲ್ಲ. ಹೀಗಾಗಿ ರಜೆಗೆ ಬಂದಾಗಲೆಲ್ಲ ನನ್ನ ನೌಕರಿ ಏನೆಂದು ತಿಳಿಸಿ ಹೇಳುವುದೇ ಇನ್ನೊಂದು ನೌಕರಿಯಾಗುತ್ತಿತ್ತು.

"ಹಡಗ ನೀನ ನಡಸ್ತಿ ಏನವಾ?"

"ಇಲ್ರೀ, ಇಂಜಿನ್ ನೋಡ್ಕೋತೇನಿ."

"ಅಂದ್ರ ನಡಸೋರು ಬ್ಯಾರೆ ಅದಾರ. ಬರೇ ನೋಡಾಕ ಪಗಾರ ಕೊಡ್ತಾರ? ಛಲೋ ಆತು ಬಿಡು."

ಅಪ್ಪನಿಗೆ ಮಾತ್ರ ನನ್ನ ಕೆಲಸದ ಮೇಲೆ ಬಹಳ ಅಭಿಮಾನ. ಆ ಅಭಿಮಾನದಲ್ಲೇ, ಹಳ್ಳದಿಂದ ಹೊಲಕ್ಕೆ ನೀರೆತ್ತಲು ಎಲ್ಲರ ಹಾಗೆ ಪಂಪ್‌ಸೆಟ್ ಕೊಳ್ಳದೆ, ಸವಣೂರಿನ ಗುಜರಿ ವ್ಯಾಪಾರಿಯ ಬಳಿ ಸಿಕ್ಕಿದ ಹಳೆಯ ಲೈಫ್‌ಬೋಟ್ ಇಂಜಿನ್ನೊಂದನ್ನು ತಂದು ಪಂಪಿಗೆ ಜೋಡಿಸಿದ್ದರು. ಹಡಗು ಮುಳುಗುವ ಹಾಗಾದರೆ ಜನ ಹತ್ತಿ ಪಾರಾಗುವ ಪುಟ್ಟ ದೋಣಿಯ ಇಂಜಿನ್ ಅದು. ಎರಡು ಸಿಲಿಂಡರ್, ಕೈಯಿಂದ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕು. "ಇದು ಸಮುದ್ರ ಕಂಡ ಇಂಜಿನ್ರೀ" ಎಂದು ಅಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಲೈಫ್‌ಬೋಟುಗಳು ಬಹುಪಾಲು ಹಡಗಿನ ಪಕ್ಕಕ್ಕೆ ನೇತಾಡಿಕೊಂಡೇ ಆಯುಷ್ಯ ಕಳೆಯುತ್ತವೆ. ನನ್ನ ಅಂದಾಜಿನಲ್ಲಿ ಅದು ಮೊದಲ ಸಲ ಮೈ ಬಗ್ಗಿಸಿ ದುಡಿದದ್ದು ನಮ್ಮ ಮೆಣಸಿನಕಾಯಿ ಹೊಲದಲ್ಲೇ. ಆದರೆ ಇದನ್ನು ಅಪ್ಪನಿಗೆ ಹೇಳುವಷ್ಟು ಕಲ್ಲೆದೆ ನನ್ನದಲ್ಲ.

ಆ ಸಲ ರಜೆಗೆ ಬಂದಾಗ ಇಂಜಿನ್ ಟಕಟಕ ಎಂದು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ರೋಗ ಯಾವುದೆಂದು ಕೇಳಿದ ಕೂಡಲೇ ತಿಳಿಯಿತು. ಇಂಜಿನ್ ಉಸಿರಾಡುವ ಬಾಗಿಲುಗಳಿಗೆ ವಾಲ್ವ್ ಎನ್ನುತ್ತೇವೆ. ಅವನ್ನು ತಲೆ ಮೇಲಿಂದ ಒತ್ತಿ ತೆರೆಯುವ ಸಣ್ಣ ಕಬ್ಬಿಣದ ತೋಳಿಗೆ ರಾಕರ್ ಎಂದು ಹೆಸರು. ವಾಲ್ವ್ ಮುಚ್ಚಿರುವಾಗ ಇವೆರಡರ ನಡುವೆ ಕೂದಲೆಳೆಯಷ್ಟು ಸಂದಿ ಇರಬೇಕು. ಸಂದಿ ಹೆಚ್ಚಾದರೆ ಹೀಗೆ ಬಡಿದುಕೊಳ್ಳುತ್ತದೆ. ಕಡಿಮೆಯಾದರೆ ಬಾಗಿಲು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಹಡಗಿನಲ್ಲಿ ಜನರೇಟರ್ ಇಂಜಿನ್ನುಗಳಿಗೆ ಇದನ್ನು ನಾನು ಎಷ್ಟೋ ಸಲ ಮಾಡಿದ್ದೇನೆ.

ತೊಂದರೆ ಇದ್ದದ್ದು ಮುಹೂರ್ತದ್ದು. ಶಿಗ್ಗಾವಿಯಿಂದ ನನ್ನನ್ನು ನೋಡಲು ವರನ ಕಡೆಯವರು ಬರುವವರಿದ್ದದ್ದು ಅದೇ ದಿನ ಸಂಜೆಗೆ. ಅವ್ವ ಬೆಳಗಿನಿಂದ ಶಿರಾ ಮಾಡುವ ತಯಾರಿಯಲ್ಲಿದ್ದಳು. ನಾನು ಮೆಲ್ಲಗೆ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಜಾರಿದೆ. ಸಂಜೆಯೊಳಗೆ ಮುಗಿಸಿ, ಕೈ ತೊಳೆದು, ಸೀರೆ ಉಟ್ಟು ಕೂರಲು ಬೇಕಾದಷ್ಟು ವೇಳೆ ಇತ್ತು.

ಇಂಜಿನ್ನಿನ ತಲೆ ಮೇಲಿನ ಮುಚ್ಚಳ ತೆಗೆದು ನಟ್ಟು ಬೋಲ್ಟುಗಳನ್ನು ಗೋಣಿಚೀಲದ ಮೇಲೆ ಹರವಿದ್ದೆನಷ್ಟೆ, ದೂರದಿಂದ ಅವ್ವನ ಕೂಗು ಕೇಳಿತು. ಬೀಗರಾಗುವವರು ರಟ್ಟೀಹಳ್ಳಿಯಲ್ಲಿ ಕದಂಬೇಶ್ವರನ ದರ್ಶನ ಬೇಗ ಮುಗಿಯಿತೆಂದು ನೆಟ್ಟಗೆ ನಮ್ಮೂರಿಗೇ ಬಂದುಬಿಟ್ಟಿದ್ದರು. ಮನೆಯಲ್ಲಿ ಕನ್ಯೆ ಇಲ್ಲ. ಅಪ್ಪ ಏನಾದರೂ ನೆಪ ಹೇಳಬಹುದಿತ್ತು. ಅವರು, "ಇಲ್ಲೇ ಹೊಲದಾಗ ಅದಾಳ, ಹಡಗದ ಇಂಜಿನ್ ರಿಪೇರಿ ಮಾಡಾಕತ್ತಾಳ, ಬರ್ರಿ ತೋರಸ್ತೇನಿ" ಎಂದು ಎಲ್ಲರನ್ನೂ ಕರೆದುಕೊಂಡೇ ಬಂದರು. ಕನ್ಯೆಗಿಂತ ಇಂಜಿನ್ ತೋರಿಸುವ ಉಮೇದಿ ಅವರಿಗೆ ಹೆಚ್ಚಿತ್ತೆಂದು ಅವ್ವ ಇವತ್ತಿಗೂ ಹೇಳುತ್ತಾಳೆ.

ಬದುವಿನ ಮೇಲೆ ಮೊದಲು ಕಂಡದ್ದು ವರನ ಅಜ್ಜಿ. ಹಿಂದೆ ಬಿಳಿ ಅಂಗಿಯ ವರ. ಶಿಗ್ಗಾವಿಯಲ್ಲಿ ಔಷಧದ ಅಂಗಡಿ ಇಟ್ಟಿದ್ದಾರೆಂದು ಕೇಳಿದ್ದೆ. ನಾನು ಹಡಗಿನಲ್ಲಿ ಕೆಲಸಕ್ಕೆ ತೊಡುವ ಬಾಯ್ಲರ್ ಸೂಟಿನಲ್ಲಿದ್ದೆ, ಮೊಣಕೈವರೆಗೂ ಎಣ್ಣೆ. ನಮಸ್ಕಾರ ಮಾಡಲು ಕೈ ಜೋಡಿಸಿದರೆ ಎರಡೂ ಅಂಗೈ ಅಂಟಿಕೊಂಡವು.

ಅಜ್ಜಿ ನನ್ನನ್ನು ನೋಡಿದಳು, ಇಂಜಿನ್ನನ್ನೂ ನೋಡಿದಳು. "ಯವ್ವಾ, ಇದನ್ನ ಹಿಂಗ ತಲಿ ತಗದ ಇಟ್ಟು ಬರಾಕ ಆಗತೈತೋ ಇಲ್ಲೋ?"

"ಇಲ್ರೀ ಅಜ್ಜಿ. ಧೂಳ ಬಿದ್ರ ಕೆಡ್ತೈತ್ರಿ."

"ಹಂಗಾರ ಮುಗಸ. ನಾವು ಇಲ್ಲೇ ಕುಂಡ್ರತೇವಿ." ಬೇವಿನ ಮರದ ನೆರಳಿಗೆ ಅಜ್ಜಿ ಕುಳಿತೇಬಿಟ್ಟಳು.

ಈ ಕೆಲಸಕ್ಕೆ ಎರಡು ಆಳು ಬೇಕು. ಒಬ್ಬರು ಇಂಜಿನ್ನನ್ನು ನಿಧಾನವಾಗಿ ತಿರುಗಿಸಿ, ಪಿಸ್ಟನ್ ಮೇಲಕ್ಕೆ ಬಂದು ಎರಡೂ ವಾಲ್ವ್ ಮುಚ್ಚಿದಲ್ಲಿ ನಿಲ್ಲಿಸಬೇಕು. ಇನ್ನೊಬ್ಬರು ಒಂದು ಕೈಯಲ್ಲಿ ನಟ್ಟು ಬಿಗಿಯುವ ಪಾನಾ, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದು ಸಂದಿ ಸರಿಮಾಡಬೇಕು. ಹಡಗಿನಲ್ಲಾದರೆ ತಿರುಗಿಸಲು ಮೋಟರ್ ಇರುತ್ತದೆ. ಇಲ್ಲಿ ಅಪ್ಪ ಇರಬೇಕಿತ್ತು. ಅವರು ಬಂದವರಿಗೆ ಇಂಜಿನ್ನಿನ ಚರಿತ್ರೆ ಹೇಳುವುದರಲ್ಲಿ ಮುಳುಗಿದ್ದರು.

"ನಾ ತಿರುವಲೇನ್ರಿ?" ಎಂದರು ವರ. ಹಾಗೆನ್ನುತ್ತಲೇ ಬಗ್ಗಿ ಇಂಜಿನ್ನಿನ ಹಿತ್ತಾಳೆ ಫಲಕವನ್ನು ಕಣ್ಣು ಕಿರಿದು ಮಾಡಿ ಓದತೊಡಗಿದರು.

"ಏನ ನೋಡಾಕತ್ತೀರಿ?"

"ಎಂದ ತಯಾರಾಗಿದ್ದು ಅಂತ. ಅದೊಂದ ಚಟ ಐತ್ರಿ ನನಗ. ಅಂಗಡ್ಯಾಗ ಔಷಧದ ಡಬ್ಬಿ ಮ್ಯಾಲ ದಿನಾ ಅದನ್ನ ನೋಡತೇನಿ."

"ಇದರ ಮುದ್ದತ್ತ ಮುಗದು ಬಾಳ ವರ್ಷ ಆಗೈತಿ. ನಮ್ಮಪ್ಪಗ ಹೇಳಬ್ಯಾಡ್ರಿ."

ಅವರು ನಕ್ಕು ಅಂಗಿಯ ತೋಳು ಮಡಚಿ ಹ್ಯಾಂಡಲ್ ಹಿಡಿದರು. ಮೊದಲನೆಯ ಸಿಲಿಂಡರ್ ಸಲೀಸಾಗಿ ಮುಗಿಯಿತು. ಫೀಲರ್ ಗೇಜ್ ಎಂಬ ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಸಂದಿಯಲ್ಲಿ ತೂರಿಸಿ, ಅದು ಸಡಿಲವೂ ಆಗದೆ ಸಿಕ್ಕಿಕೊಳ್ಳದೆ ತುಸು ಎಳೆದಂತಾಗುವವರೆಗೆ ಸ್ಕ್ರೂ ತಿರುಗಿಸಿ, ನಟ್ಟು ಬಿಗಿ ಮಾಡಿದೆ. ಬಿಗಿ ಮಾಡುವಾಗ ಅಳತೆ ಮತ್ತೆ ಬದಲಾಗುವುದುಂಟು. ಆದ್ದರಿಂದ ಪಟ್ಟಿಯನ್ನು ಇನ್ನೊಮ್ಮೆ ಎಳೆದು ನೋಡಿದೆ.

"ಅಜ್ಜೀ, ಈಕಿ ನನಕಿಂತಾ ಸಂಶಯದಾಕಿ ಅದಾಳ," ಎಂದರು ವರ.

"ಬಾಳ ಛಲೋ ಆತು. ಅಂಗಡ್ಯಾಗ ನಿನ್ನ ಚಿಲ್ಲರಿ ಅಕಿ ಎಣಸ್ತಾಳ," ಎಂದಳು ಅಜ್ಜಿ.

ಎರಡನೆಯದಕ್ಕೆ ಬಂದಾಗ ನಾನು "ನಿಂದರ್ರಿ" ಅನ್ನುವುದಕ್ಕೂ ಅವರ ಕೈ ನಿಲ್ಲುವುದಕ್ಕೂ ಸ್ವಲ್ಪ ಹೆಚ್ಚುಕಡಿಮೆಯಾಯಿತು. ನಾನು ರಾಕರ್ ಮುಟ್ಟಿ ನೋಡುವ ಮೊದಲೇ ಅವರು, "ದಾಟೇತ್ರಿ, ನನ್ನ ಕೈ ಮುಂದ ಹೋತು. ಮತ್ತ ತಿರುವಿ ತರತೇನಿ," ಎಂದರು. ಹಡಗಿನಲ್ಲಿ ಎಷ್ಟೋ ಗಂಡಸರ ಜೊತೆ ಕೆಲಸ ಮಾಡಿದ್ದೇನೆ. ಕೈ ಮುಂದೆ ಹೋದದ್ದನ್ನು ನಾನು ಕೇಳುವ ಮೊದಲೇ ಹೇಳಿದವರು ಅಪರೂಪ. ಬಹಳ ಮಂದಿಯನ್ನು ಕೇಳಿದರೆ ತಪ್ಪು ಕೈಯದಲ್ಲ, ಇಂಜಿನ್ನೇ ತಾನಾಗಿ ಸರಿದಿರುತ್ತದೆ. ನಾನು ಆಗ ಮೊದಲ ಸಲ ಅವರ ಮುಖವನ್ನು ಸರಿಯಾಗಿ ನೋಡಿದೆ. ಬೆವರಿಗೆ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು.

ಕೆಲಸ ಮುಗಿಯಿತು. ಮುಚ್ಚಳ ಹಾಕುವ ಮೊದಲು ಒಂದು ಗಳಿಗೆ ಓಡಿಸಿ ಕಿವಿಗೊಟ್ಟು ಕೇಳುವುದು ನನ್ನ ರೂಢಿ. "ದೂರ ಸರೀರಿ" ಎಂದೆ. ವರ ಹ್ಯಾಂಡಲ್ ತಿರುಗಿಸಿದರು, ಇಂಜಿನ್ ಒಂದೇ ಏಟಿಗೆ ಹಿಡಿಯಿತು. ಆ ಸಂತೋಷಕ್ಕೆ ಅವರು ದೂರ ಸರಿಯುವುದನ್ನು ಮರೆತು ತಲೆ ಮುಂದಕ್ಕೆ ಚಾಚಿ ನೋಡಿದರು. ರಾಕರ್‌ಗಳು ಕುಣಿದು ಬಿಳಿ ಅಂಗಿಯ ಮೇಲೆಲ್ಲ ಎಣ್ಣೆಯ ಹನಿ ಎರಚಿದವು.

ಅವ್ವ ಅದೇ ಹೊತ್ತಿಗೆ ಚಹಾದ ಕಿಟ್ಲಿ ಹಿಡಿದು ಬಂದವಳು ಅಂಗಿ ನೋಡಿ, "ಅಯ್ಯ ಶಿವನ, ಏನ್ ಮಾಡಿದೆ ಹುಚ್ಚಿ!" ಎಂದಳು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ಇರಲಿ ಬಿಡವಾ. ಅರಿಷಿಣ ಹಚ್ಚೂಕಿಂತ ಮೊದಲ ಎಣ್ಣಿ ಹಚ್ಚ್ಯಾಳ."

ಸಪ್ಪಗಾದವರು ಅಪ್ಪ ಒಬ್ಬರೇ. ಟಕಟಕ ಸದ್ದು ಪೂರ್ತಿ ನಿಂತು ಇಂಜಿನ್ ಮೆತ್ತಗೆ ಗುನುಗುತ್ತಿತ್ತು. "ಸಪ್ಪಳನ ಇಲ್ಲಲ್ಲೋ ಯವ್ವಾ," ಎಂದರು. "ಮನ್ಯಾಗ ಕುಂತು ಇದು ನಡದೈತೋ ಬಂದ್ ಆಗೈತೋ ನನಗ ಹೆಂಗ ತಿಳೀಬೇಕು?" ಅಷ್ಟು ದಿನ ಅವರು ಕಟ್ಟೆಯ ಮೇಲೆ ಕುಳಿತು ಕಿವಿಯಲ್ಲೇ ನೀರು ಹಾಯಿಸುತ್ತಿದ್ದರೆಂದು ನನಗೆ ಆಗಲೇ ತಿಳಿದದ್ದು.

ಮನೆಗೆ ಹೋಗುವಾಗ ಹಿರಿಯರು ಮುಂದೆ ನಡೆದರು. ನಾವಿಬ್ಬರು ಬೇಕಂತಲೇ ಹಿಂದೆ ಉಳಿದೆವು. "ವರ್ಷದಾಗ ಅರ್ಧಾ ನಾ ಊರಾಗ ಇರೂದಿಲ್ರಿ," ಎಂದೆ. "ಅದನ್ನ ಮೊದಲ ಹೇಳಿ ಬಿಡತೇನಿ. ಬಿಡಾಕ ನನಗ ಮನಸ್ಸಿಲ್ಲ."

ಅವರು ಮಡಚಿದ್ದ ಅಂಗಿಯ ತೋಳು ಇಳಿಸಿಕೊಂಡರು. "ನಾನೂ ಅಂಗಡಿ ಬಿಟ್ಟು ಹೊರಗ ಹೋಗಾಂವ ಅಲ್ಲ. ನೀವು ಊರಾಗಿದ್ರೂ ರಾತ್ರಿ ಊಟಕ್ಕ ಅಷ್ಟ ಸಿಗತಿದ್ನಿ. ನೀವು ಬಂದಾಗ ಅಂಗಡಿ ಬಂದ್ ಮಾಡೂ ಧೈರ್ಯ ನನಗ ಬರಬೇಕು, ಅಷ್ಟ ನೋಡ್ರಿ." ಆಮೇಲೆ ಅಂಗಿ ನೋಡಿಕೊಂಡು, "ಈ ಕಲೆ ಹೋಗತಾವೇನ್ರಿ?" ಎಂದರು.

"ಇಲ್ರೀ," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಮದುವೆ ಹಾನಗಲ್ಲಿನಲ್ಲಿ, ನನ್ನ ಸೋದರಮಾವನ ಊರಿನಲ್ಲಿ ಆಯಿತು. ಈಗ ನಾನು ಹಡಗಿನಲ್ಲಿದ್ದಾಗ, ಶಿಗ್ಗಾವಿಯಲ್ಲಿ ಯಾರಾದರೂ ಮೊಮ್ಮಗನ ಹೆಂಡತಿ ಎಲ್ಲಿ ಎಂದು ಕೇಳಿದರೆ ಅಜ್ಜಿ, "ಅಕಿ ಸಮುದ್ರದಾಗ ಗ್ಯಾರೇಜ್ ಇಟ್ಟಾಳ. ಗಿರಾಕಿ ಬಾಳ," ಎನ್ನುತ್ತಾಳಂತೆ. ತಿದ್ದಿ ಹೇಳಲು ಒಂದೆರಡು ಸಲ ನೋಡಿದೆ. ಈಗ ಬಿಟ್ಟಿದ್ದೇನೆ, ಅವಳ ವಿವರಣೆ ಕೇಳಿದ ಮೇಲೆ ಯಾರೂ ನನ್ನನ್ನು ಎರಡನೆಯ ಪ್ರಶ್ನೆ ಕೇಳುವುದಿಲ್ಲ.