ತಕ್ಕಡಿ ಕೆಲಸಕ್ಕೆ ಜನ ಬೇಕಾಗಿದ್ದಾರೆ

ಫೋನಿನಲ್ಲಿ ಟೈಪ್ ಮಾಡುವುದನ್ನು ನಾನು ಕಲಿತದ್ದು ಎಪ್ಪತ್ತು ದಾಟಿದ ಮೇಲೆ. ಕಲಿತ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಮನೆಯಲ್ಲಿ ಯಾರು ಏನು ಬರೆಯಬೇಕಾದರೂ "ಇಲ್ಲಿ ಕೊಡ್ರಿ" ಎಂದು ಕೈ ಚಾಚುತ್ತಿದ್ದೆ. ಮಗನ ಜಾಹೀರಾತು ನನ್ನ ಕೈಗೆ ಬಂದದ್ದು ಹಾಗೆ.

ನಾವಿರುವುದು ಕೊಂಡಾಪುರದಲ್ಲಿ. ಮಗನ ವರ್ಕ್‌ಶಾಪ್ ಇರುವುದು ಊರಾಚೆ, ಕಾರ್ಖಾನೆಗಳೇ ತುಂಬಿದ ಜೀಡಿಮೆಟ್ಲಾದಲ್ಲಿ. ಔಷಧ ಕಾರ್ಖಾನೆಗಳ ತಕ್ಕಡಿ ರಿಪೇರಿ ಮಾಡಿ, ಅವು ಸರಿಯಾದ ತೂಕ ತೋರಿಸುತ್ತಿವೆಯೇ ಎಂದು ಪರೀಕ್ಷೆ ಮಾಡಿ ಕೊಡುವ ಕೆಲಸ. ಅಕ್ಕಿ ಬೇಳೆ ತೂಗುವ ತಕ್ಕಡಿಯಲ್ಲ. ಗಾಜಿನ ಪೆಟ್ಟಿಗೆಯೊಳಗೆ ಕೂತು, ಒಂದು ಸಾಸಿವೆ ಕಾಳು ಇಟ್ಟರೂ ಗುರುತು ಹಿಡಿಯುವಂಥದ್ದು. ನಮ್ಮ ಯಜಮಾನರು ಇದನ್ನು ಶುರು ಮಾಡಿದ ದಿನದಿಂದ ಎಲ್ಲ ತಕ್ಕಡಿಗಳನ್ನೂ ನೋಡಿಕೊಂಡವರು ಒಬ್ಬರೇ ಮೇಸ್ತ್ರಿ. ಮೆದಕ್ ಕಡೆಯ ತೆಲುಗಿನವರು. ನಮ್ಮ ಜೊತೆ ಇದ್ದೂ ಇದ್ದೂ ಅವರಿಗೆ ಕನ್ನಡ ಬಂದಿತ್ತು, ಬೈಯುವಷ್ಟು ಚೆನ್ನಾಗಿಯೇ. ಈಚೆಗೆ ಅವರ ಕಣ್ಣು ಮಂಜಾಗತೊಡಗಿತು. ದಸರಾ ಮುಗಿದ ಮೇಲೆ ಊರಿಗೆ ಹೋಗುತ್ತೇನೆ ಎಂದರು. ಅಷ್ಟರೊಳಗೆ ಅವರ ಕುರ್ಚಿಯಲ್ಲಿ ಕೂರುವವರು ಸಿಗದಿದ್ದರೆ ವರ್ಕ್‌ಶಾಪ್‌ಗೆ ಬೀಗ ಹಾಕಬೇಕಿತ್ತು.

ಮಗ ಜನರನ್ನು ಹುಡುಕದೇ ಇರಲಿಲ್ಲ. ಎರಡು ತಿಂಗಳು ಹುಡುಕಿದ್ದ. ಡಿಪ್ಲೊಮಾ ಆದವರು ಫೋನ್ ಮಾಡಿ, "ಆಫೀಸ್ ಗಚ್ಚಿಬೌಲಿಯ ಐಟಿ ಕಂಪನಿಗಳ ಕಡೆ ಇಲ್ಲವೇ?" ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಒಬ್ಬ ಮಾತ್ರ ಅಲ್ಲಿತನಕ ಬಂದ. ಪಾಪ, ಒಳ್ಳೆಯ ಅಂಕಗಳು, ಇಸ್ತ್ರಿ ಮಾಡಿದ ಅಂಗಿ. ಪೆಟ್ಟಿಗೆಯಲ್ಲಿದ್ದ ಸ್ಟೀಲಿನ ತೂಕದ ಗುಂಡನ್ನು ಬರಿ ಬೆರಳಲ್ಲಿ ಎತ್ತಿಕೊಂಡದ್ದೇ ಮೇಸ್ತ್ರಿ ಚೀರಿದರು. ಬೆರಳಿನ ಬೆವರು ತಾಗಿದರೂ ಆ ಗುಂಡಿನ ತೂಕ ಕೆಡುತ್ತದಂತೆ, ಚಿಮಟದಲ್ಲೇ ಹಿಡಿಯಬೇಕು. ಹುಡುಗನ ಕಾಲೇಜಿನಲ್ಲಿ ಇದ್ದದ್ದು ಒಂದೇ ತಕ್ಕಡಿ, ಅದನ್ನೂ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರಂತೆ. ಅವನದೇನು ತಪ್ಪು? ಮರುದಿನ ಅವನು ಬರಲಿಲ್ಲ.

ಕೊನೆಗೆ ಮಗ, "ಅವ್ವಾ, ನಿನ್ನ ವಾಟ್ಸಾಪ್ ಗುಂಪಿನಾಗ ಒಂದಿಷ್ಟು ಹಾಕು. ನಂಬರ್ ನಿಂದೇ ಕೊಡು, ನನಗ ಫೋನ್ ಎತ್ತಾಕ ಪುರುಸೊತ್ತಿಲ್ಲ" ಎಂದು ಚೀಟಿ ಕೊಟ್ಟ. ಡಿಪ್ಲೊಮಾ ಇರಬೇಕು. ಐದು ವರ್ಷದ ಅನುಭವ ಇರಬೇಕು. ಮೂವತ್ತು ದಾಟಿರಬಾರದು. ಇಂಗ್ಲಿಷ್ ಬರಬೇಕು, ಕಂಪ್ಯೂಟರ್ ಬರಬೇಕು, ಸ್ವಂತ ಬೈಕ್ ಬೇಕು. ಚೀಟಿ ತಿರುಗಿಸಿದರೆ ಹಿಂದೆ ಇನ್ನೂ ನಾಲ್ಕು ಸಾಲು.

"ಇಷ್ಟೆಲ್ಲಾ ಇದ್ದಾಂವ ನಿನ್ನ ಹತ್ರ ಯಾಕ ಬರ್ತಾನಪಾ? ತಾನಾ ಒಂದು ವರ್ಕ್‌ಶಾಪ್ ತಗೀತಾನ" ಎಂದೆ. ಅವನು ನಗಲಿಲ್ಲ. ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ನಾನೂ ಮುಂದೆ ಚೇಷ್ಟೆ ಮಾಡಲಿಲ್ಲ.

ನಾನು ಟೈಪ್ ಮಾಡುವುದು ಒಂದೇ ಬೆರಳಲ್ಲಿ. ಮೊದಲ ಸಾಲು ಮುಗಿಯುವಷ್ಟರಲ್ಲಿ ಬೆರಳು ನೋಯತೊಡಗಿತು. ಡಿಪ್ಲೊಮಾ ಎಂದು ಕುಟ್ಟುತ್ತ ಎರಡು ಸಲ ತಪ್ಪಿದೆ, ಅಳಿಸಿಯೇಬಿಟ್ಟೆ. ಆಮೇಲೆ ಒಂದೊಂದಾಗಿ ಉಳಿದವೂ ಹೋದವು. ಕೊನೆಗೆ ಉಳಿದದ್ದು ಇಷ್ಟು: "ತಕ್ಕಡಿ ಕೆಲಸಕ್ಕೆ ಜನ ಬೇಕು. ಜೀಡಿಮೆಟ್ಲಾ. ಕೈ ನಡುಗಬಾರದು." ಹಿಂದಿಯಲ್ಲೂ ಅದನ್ನೇ ಕುಟ್ಟಿ, ಶುಭೋದಯದ ಗುಲಾಬಿ ಹೂಗಳ ನಡುವೆ ಬಿಟ್ಟೆ.

ಮರುದಿನ ಬೆಳಗ್ಗೆಯಿಂದ ಫೋನ್ ಸುಮ್ಮನಾಗಲಿಲ್ಲ. ಕೇಳಿದವರಿಗೆಲ್ಲ ನಾಳೆ ಬನ್ನಿ ಎಂದೆ. ಸಂಜೆ ಮಗ ಗುಂಪು ತೆರೆದು ನೋಡಿ ಕೂಗಿದ: "ಅವ್ವಾ! ಡಿಪ್ಲೊಮಾ ಎಲ್ಲಿ ಹೋತು?"

"ಬೆರಳು ನೋಯಾಕತ್ತಿತ್ತು. ಬಿಟ್ಟೆ."

"ಬೈಕು?"

"ಅದೂ ನೋಯಾಕತ್ತಿತ್ತು."

ತಲೆ ಹಿಡಿದು ಕೂತ. ಆದರೂ ಬರಹೇಳಿದವರಿಗೆ ಬರಬೇಡಿ ಅನ್ನಲಾಗುವುದಿಲ್ಲವಲ್ಲ. ಮರುದಿನ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದ, ತಪ್ಪು ಮಾಡಿದವಳೇ ಎಲ್ಲರಿಗೂ ಉತ್ತರ ಕೊಡಲಿ ಎಂದು.

ಬಂದವರಲ್ಲಿ ಹೆಚ್ಚಿನವರು ಕೆಲಸ ಏನೆಂದು ಕೇಳಿಯೇ ಹೊರಟರು. ಮಧ್ಯಾಹ್ನ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಜಹೀರಾಬಾದ್ ಕಡೆಯವಳು, ಕನ್ನಡ ಬರುತ್ತಿತ್ತು. ಒಳಗೆ ಕಾಲಿಟ್ಟು ತಕ್ಕಡಿ ನೋಡಿದವಳೇ ಹೆಸರು ಸಹ ಹೇಳದೆ, "ಮೊದಲ ಫ್ಯಾನ್ ಬಂದ್ ಮಾಡ್ರಿ. ಗಾಳಿ ಬಿದ್ರ ತೂಕ ಕುಣೀತದ" ಎಂದಳು. ಆ ಸೆಕೆಯಲ್ಲಿ! ಮೇಸ್ತ್ರಿ ಕನ್ನಡಕ ಏರಿಸಿ ನೋಡಿದರು.

ಸಿಕಂದರಾಬಾದಿನ ಬಂಗಾರದ ಅಂಗಡಿಯೊಂದರಲ್ಲಿ ಕಸ ಗುಡಿಸಲು ಸೇರಿದ್ದಳಂತೆ. ಆಮೇಲೆ ಬಂಗಾರದ ಪುಡಿ ತೂಗುವ ಕೆಲಸಕ್ಕೆ ಕೂರಿಸಿದರು. ಹದಿನಾರು ವರ್ಷ. ಈಗ ಅಂಗಡಿ ಮುಚ್ಚಿತ್ತು.

"ಎಷ್ಟು ಓದೀರಿ?" ಮಗ ಕೇಳಿದ.

"ಹತ್ತನೇದು ಫೇಲ್ ರೀ. ನಂದು ಆಗೂದಿಲ್ಲ ಅಂತ ಎಲ್ಲೂ ಕೇಳಾಕ ಹೋಗಿರಲಿಲ್ಲ. ಇದರಾಗ ಕೈ ನಡುಗಬಾರದು ಅಂತಷ್ಟ ಇತ್ತು. ನನ್ನ ಕೈ ನಡುಗಂಗಿಲ್ಲ."

ಚಿಮಟದಲ್ಲಿ ಗುಂಡನ್ನೆತ್ತಿ ತಕ್ಕಡಿಯಲ್ಲಿಟ್ಟಳು. ಸದ್ದೇ ಆಗಲಿಲ್ಲ. ಮೇಸ್ತ್ರಿ ಬೈಯಲಿಲ್ಲ ಎಂದರೆ ಅದೇ ದೊಡ್ಡದು.

ಆದರೆ ಮಗನ ಕಷ್ಟವೂ ಸುಳ್ಳಲ್ಲ. "ಕೆಲಸ ಬರ್ತದ, ಒಪ್ಪಿದೆ. ಕಾರ್ಖಾನೆಯವ್ರು ಕಾಗದ ಕೇಳ್ತಾರವ್ವಾ. ಡಿಪ್ಲೊಮಾ ಇಲ್ಲಂದ್ರ ಕಲಿಸಿದ್ದರ ದಾಖಲೆ ಬೇಕು. ದಿನಾ ಏನೇನು ಕಲಿಸಿದ್ರು, ಯಾರು ಕಲಿಸಿದ್ರು, ಎಲ್ಲಾ ಬರದಿಡಬೇಕು. ಅಷ್ಟು ಪುರುಸೊತ್ತು ಯಾರಿಗೈತಿ?"

"ನನಗೈತಿ" ಎಂದೆ.

ಮೇಸ್ತ್ರಿ ಎದ್ದು ನಿಂತರು. "ನಾನು ಕಲಿಸಲ್ಲ ಅಮ್ಮಗಾರು. ನನಗೆ ಯಾರೂ ಕಲಿಸಿಲ್ಲ. ನೋಡಿ ನೋಡಿ ಬಂತು. ಬಾಯಲ್ಲಿ ಹೇಳೋಕೆ ಬರಲ್ಲ."

ಇಷ್ಟು ವರ್ಷಗಳಲ್ಲಿ ಯಾರೂ ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರಲಿಲ್ಲ. ನನ್ನ ಯಜಮಾನರಿಗಾಗಲಿ, ಮಗನಿಗಾಗಲಿ ಅದು ತೋಚಿರಲಿಲ್ಲ. ಇವರಿದ್ದಾರಲ್ಲ, ಇನ್ಯಾಕೆ? ಸಿದ್ಧವಾದವರು ಯಾವಾಗ ಬೇಕಾದರೂ ಹೊರಗೆ ಸಿಗುತ್ತಾರೆ ಎಂದುಕೊಂಡಿದ್ದೆವು. ಅಕ್ಕಪಕ್ಕದ ವರ್ಕ್‌ಶಾಪಿನವರೂ ಹಾಗೆಯೇ ಅಂದುಕೊಂಡಿದ್ದರು.

"ನೀವು ಹೇಳಬ್ಯಾಡ್ರಿ. ಮಾಡ್ರಿ. ನಾ ಯಾಕ, ಏನು ಅಂತ ಕೇಳ್ತೀನಿ" ಎಂದೆ.

ವಾರಕ್ಕೆ ನಾಲ್ಕು ದಿನ ಹೋಗಿ ಕೂತೆ. ಮೇಸ್ತ್ರಿ ಗುಂಡಿನ ಪೆಟ್ಟಿಗೆ ತೆರೆದು ಸುಮ್ಮನೆ ಕೂರುತ್ತಿದ್ದರು. ಯಾಕೆ ಎಂದರೆ, ಗುಂಡಿಗೂ ಕೋಣೆಗೂ ಒಂದೇ ಬಿಸಿ ಆಗಬೇಕು ಎನ್ನುತ್ತಿದ್ದರು. ನಾನು ಕುಟ್ಟುತ್ತಿದ್ದೆ. ನನ್ನ ಬೆರಳು ಆ ಸಾಲು ಮುಗಿಸುವ ತನಕ ಅವರು ಮುಂದೆ ಹೋಗುವಂತಿರಲಿಲ್ಲ. ಅಷ್ಟರಲ್ಲಿ ಆಕೆ ಅದನ್ನೇ ಎರಡು ಸಲ ಮಾಡಿರುತ್ತಿದ್ದಳು.

"ಅಮ್ಮಗಾರು, ಸ್ವಲ್ಪ ಜಲ್ದಿ!"

"ನನ್ನ ಬೈದ್ರ ಅದನ್ನೂ ಬರೀತೀನಿ ನೋಡ್ರಿ."

ಬರೆದೂ ಇದ್ದೆ. ಮಗ ಇಂಗ್ಲಿಷಿಗೆ ಇಳಿಸಿ ಅಚ್ಚು ಹಾಕಿಸುವ ಮೊದಲು ಹುಡುಕಿ ಹುಡುಕಿ ತೆಗೆದ. ಪ್ರತಿ ಹಾಳೆಯ ಕೆಳಗೂ ಕಲಿಸಿದವರೆಂದು ಮೇಸ್ತ್ರಿ ಸಹಿ ಹಾಕಿದರು. ಮೊದಲನೆಯದಕ್ಕೆ ತುಂಬ ಹೊತ್ತು ತೆಗೆದುಕೊಂಡರು.

ದಸರಾಕ್ಕೆ ಹತ್ತು ದಿನ ಇರುವಾಗ ದೊಡ್ಡ ಕಾರ್ಖಾನೆಯೊಂದರ ಅಧಿಕಾರಿ ಬಂದರು. ಹಾಳೆಗಳನ್ನೆಲ್ಲ ಓದಿ, ಆಕೆಗೆ ಪ್ರಶ್ನೆ ಕೇಳುತ್ತ ಹೋದರು. ಮೇಸ್ತ್ರಿ ನೋಡಲಾರದೆ ಚಹಾದ ಅಂಗಡಿಗೆ ಹೋಗಿಬಿಟ್ಟರು. ಕೊನೆಯದೊಂದು ಪ್ರಶ್ನೆಗೆ ಆಕೆ, "ಇದು ಗೊತ್ತಿಲ್ರಿ. ಮೇಸ್ತ್ರಿ ಅವರನ್ನ ಕೇಳಿ ಮಾಡ್ತೀನಿ" ಎಂದಳು. ಮಗನ ಮುಖ ಬಾಡಿತು. ಅಧಿಕಾರಿ ಮಾತ್ರ, ಗೊತ್ತಿಲ್ಲದ್ದನ್ನು ಅಂದಾಜಿನ ಮೇಲೆ ಮಾಡುವವರನ್ನು ಕಂಡರೇ ತನಗೆ ಭಯ ಎಂದು ಹಿಂದಿಯಲ್ಲಿ ಹೇಳಿ, ಒಪ್ಪಿಗೆಯ ಸಹಿ ಹಾಕಿ ಎದ್ದರು.

ಹಬ್ಬ ಮುಗಿಸಿ ಮೇಸ್ತ್ರಿ ಊರಿಗೆ ಹೋದರು. ಮೊದಲ ವಾರ ಆಕೆ ದಿನಕ್ಕೆ ಎರಡು ಸಲ ಅವರಿಗೆ ಫೋನ್ ಮಾಡುತ್ತಿದ್ದಳು. ಆಮೇಲೆ ಒಂದು ಸಲ. ಮೂರನೆಯ ವಾರ ಅವರೇ ನನಗೆ ಫೋನ್ ಮಾಡಿದರು.

"ಅಮ್ಮಗಾರು, ಆಕೆ ನಾಲ್ಕು ದಿನದಿಂದ ಏನೂ ಕೇಳಿಲ್ಲ. ಕೆಲಸ ಬಿಟ್ಟಳಾ?"

"ಇಲ್ರೀ. ನಿಮ್ಮ ಕುರ್ಚಿ ಮ್ಯಾಲ ಕುಂತು ತೂಗಾಕತ್ತಾಳ."



"ಸರಿ" ಎಂದರು. "ನಾನು ಫೋನ್ ಮಾಡಿದ್ದೆ ಅಂತ ಹೇಳಬೇಡಿ."