ಆರನೆಯ ಪಂಜರದ ಮೀನುಗಳು

ಆ ಮನುಷ್ಯ ನನ್ನ ಲ್ಯಾಬಿನ ಬಾಗಿಲಲ್ಲಿ ನಿಂತು, ಒಳಗೆಲ್ಲ ಕಣ್ಣಾಡಿಸಿ ಕೇಳಿದ ಮೊದಲ ಪ್ರಶ್ನೆ, "ಲ್ಯಾಬ್ ಎಲ್ಲಿದೆ?" ನಾನು ಬಿಳಿ ಕೋಟು ಹಾಕಿಕೊಂಡು ಮೈಕ್ರೋಸ್ಕೋಪಿನ ಮುಂದೆ ಕೂತಿದ್ದೆ.

"ನೀವು ಅದರ ಬಾಗಿಲಲ್ಲೇ ನಿಂತಿದ್ದೀರಿ" ಎಂದೆ.

ಅವನು ನಕ್ಕ. ಆ ನಗುವಿನಿಂದಲೇ ಅವನು ನನಗೆ ಆಗಲಿಲ್ಲ. ಇವತ್ತಿಗೂ ಆಗುವುದಿಲ್ಲ.

ಮಸ್ಕತ್ತಿನಿಂದಾಚೆ, ಸೂರ್ ಪಟ್ಟಣದಿಂದ ತುಸು ದಕ್ಷಿಣಕ್ಕೆ, ಸಮುದ್ರದಲ್ಲಿ ಮೀನು ಸಾಕುವ ಕಂಪನಿಯಲ್ಲಿ ನನ್ನ ಕೆಲಸ. ದಡದಿಂದ ದೋಣಿಯಲ್ಲಿ ಇಪ್ಪತ್ತು ನಿಮಿಷ ಹೋದರೆ ನೀರಿನ ಮೇಲೆ ಕಪ್ಪು ಬಳೆಗಳ ಹಾಗೆ ತೇಲುವ ಪಂಜರಗಳು ಕಾಣುತ್ತವೆ. ಪ್ರತಿ ಬಳೆಯಿಂದ ಕೆಳಕ್ಕೆ ಇಳಿಬಿಟ್ಟ ಬಲೆಯ ಚೀಲ, ಅದರ ತುಂಬ ಸೀ ಬ್ರೀಮ್ ಮೀನು. ಗಂಡನಿಗೆ ಇಲ್ಲಿನ ಗ್ಯಾಸ್ ಪ್ಲಾಂಟಿನಲ್ಲಿ ನೌಕರಿ ಸಿಕ್ಕಿದಾಗ ನಾನೂ ಬಂದೆ. ಮಂಗಳೂರಿನಲ್ಲಿ ಮೀನುಗಾರಿಕೆ ಓದಿದ್ದರಿಂದ ಈ ಕೆಲಸ ಸಿಕ್ಕಿತು. ನೀರು ಪರೀಕ್ಷಿಸುವುದು, ಮೀನು ತೂಗುವುದು, ಸತ್ತವುಗಳನ್ನು ಕೊಯ್ದು ನೋಡುವುದು, ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಯುವುದು.

ಅವನು ಬಂದದ್ದು ಯುರೋಪಿನ ಒಂದು ಸಂಶೋಧನಾ ಯೋಜನೆಯ ತಜ್ಞನಾಗಿ. ಮೀನು ಸಾಕಣೆ ಅಲ್ಲಿ ಬಹುಕಾಲ ಬಾಳಬೇಕಾದರೆ ಯಾವ ಸಂಶೋಧನೆ ಮೊದಲು ಆಗಬೇಕು ಎಂದು ಅವರು ಕೂತು ಪಟ್ಟಿ ಮಾಡಿದ್ದರಂತೆ. ರೋಗ, ಬಲೆಯಿಂದ ತಪ್ಪಿಸಿಕೊಳ್ಳುವ ಮೀನು, ಬಿಸಿಯಾಗುತ್ತಿರುವ ಸಮುದ್ರ, ಹೀಗೆ. ಎಲ್ಲಕ್ಕಿಂತ ಮೇಲೆ ಇದ್ದದ್ದು ಮೀನಿನ ಆಹಾರ. ಸಮುದ್ರದ ಸಣ್ಣ ಮೀನನ್ನು ಹಿಡಿದು ಹುಡಿ ಮಾಡಿ ಪಂಜರದ ಮೀನಿಗೆ ತಿನ್ನಿಸುವುದನ್ನು ನಿಲ್ಲಿಸಬೇಕು. ಬದಲಿಗೆ ನೊಣದ ಮರಿಹುಳು ಮತ್ತು ಪಾಚಿಯ ಎಣ್ಣೆಯಿಂದ ಮಾಡಿದ ಕಾಳು ಹಾಕಬೇಕು. ಅದು ಬಿಸಿ ನೀರಿನಲ್ಲಿ ಹೇಗೆ ನಡೆಯುತ್ತದೆಂದು ನೋಡಲು ನಮ್ಮ ಪಂಜರಗಳು.

"ನಿಮ್ಮ ಇವತ್ತಿನ ಸಮುದ್ರ ನಮ್ಮ ನಾಳೆಯ ಸಮುದ್ರ" ಎಂದ ಅವನು, ನಮಗೆ ಏನೋ ದೊಡ್ಡ ಬಿರುದು ಕೊಟ್ಟವನ ಹಾಗೆ.

ಆದರೆ ಆ ಪಟ್ಟಿಯ ಮೊದಲ ಸಾಲಿನ ಮೇಲೆ ನನಗೆ ತಕರಾರಿರಲಿಲ್ಲ. ನನ್ನ ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ಬೂತಾಯಿಯಂಥ ಸಣ್ಣ ಮೀನು ಲೋಡುಗಟ್ಟಲೆ ಹುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗಲು ಶುರುವಾದ ಮೇಲೆ ಬಂದರಿನಿಂದ ಅವಳು ಅರ್ಧ ಬುಟ್ಟಿ ಹೊತ್ತು ಹಿಂದಿರುಗುತ್ತಿದ್ದದ್ದನ್ನು ನೋಡಿದ್ದೇನೆ. ಹಾಗಾಗಿ ಹೊಸ ಕಾಳು ಗೆಲ್ಲಲಿ ಎಂದು ಅವನಿಗಿಂತ ನನಗೇ ಹೆಚ್ಚು ಆಸೆಯಿತ್ತು.

ಆರು ಪಂಜರ ಆರಿಸಿದೆವು. ಮೊದಲ ಮೂರಕ್ಕೆ ಹಳೆಯ ಆಹಾರ, ನಾಲ್ಕು, ಐದು, ಆರಕ್ಕೆ ಹೊಸದು. ಹದಿನೈದು ದಿನಕ್ಕೊಮ್ಮೆ ಪ್ರತಿ ಪಂಜರದಿಂದ ಒಂದಿಷ್ಟು ಮೀನು ಎತ್ತಿ ತೂಗಬೇಕು. ಅವನು ಎಲ್ಲ ಹೇಳಿಕೊಟ್ಟು ವಿಮಾನ ಹತ್ತಿದ. ತೂಗಿದ್ದು ನಾನು, ದೋಣಿ ನಡೆಸುವ ನಾಖುದಾನ ಜೊತೆ ಹೋಗಿ. ಆ ನಾಖುದಾ ಸೂರಿನ ಹಳೆಯ ಮೀನುಗಾರ. ನಮ್ಮ ಕಂಪನಿಯ ಸಂಬಳ ತಿನ್ನುತ್ತಲೇ ಕಂಪನಿಯನ್ನು ಬೈಯುತ್ತಿದ್ದ. ಅದಕ್ಕೇ ನನಗೆ ಇಷ್ಟವಾಗಿದ್ದ.

ನಾಲ್ಕು ಮತ್ತು ಐದು ಚೆನ್ನಾಗಿ ನಡೆದವು. ನನಗೆ ಹಿಗ್ಗು. ಆರನೆಯದರಲ್ಲಿ ಮಾತ್ರ ಮೇ ತಿಂಗಳು ಬರುವಷ್ಟರಲ್ಲಿ ಮೀನುಗಳ ಬೆನ್ನು ತೆಳ್ಳಗಾಗಿ ತಲೆ ದೊಡ್ಡದಾಗಿ ಕಾಣತೊಡಗಿತು. ಜೂನಿನಲ್ಲಿ ಮೈಮೇಲೆ ಹುಣ್ಣು. ಆ ಪಂಜರ ಇದ್ದದ್ದು ಸಮುದ್ರಕ್ಕೆ ಚಾಚಿದ ಗುಡ್ಡದ ಮರೆಯ ಮೂಲೆಯಲ್ಲಿ. ಹಾಕಿದ ಕಾಳು ಹಾಗೇ ಕೆಳಗಿಳಿದು ಬಲೆಯ ತಳದಲ್ಲಿ ಕೊಳೆಯುತ್ತಿತ್ತು. ಒಂದು ಹಿಡಿ ಎತ್ತಿದೆ, ಗಂಜಿಯ ಹಾಗೆ ಬೆರಳ ಸಂದಿಯಿಂದ ಸೋರಿತು.

ನಾಖುದಾ ಕೈ ನೀರಿಗಿಳಿಸಿ ನೋಡಿ, ಅರಬಿ ಹಿಂದಿ ಕಲಸಿ ಹೇಳಿದ: "ಈ ಮೂಲೆಯಲ್ಲಿ ನೀರು ಮಲಗಿಬಿಟ್ಟಿದೆ. ಓಡುವ ನೀರಿನಲ್ಲಿ ಮೀನು ಓಡಿ ಓಡಿ ತಿನ್ನುತ್ತದೆ. ಇಲ್ಲಿ ಯಾಕೆ ಓಡಬೇಕು? ಖಲಾಸ್."

ನಾನು ಹರಿವಿನ ಮೀಟರ್ ಇಳಿಸಿ ನೋಡಿದೆ. ಅವನ ಮಾತು ಸರಿಯಿತ್ತು. ಹರಿವಿಲ್ಲದ ಬಿಸಿ ನೀರಿನಲ್ಲಿ ಆ ಕಾಳು ಮೀನಿನ ಬಾಯಿ ಸೇರುವ ಮೊದಲೇ ಕರಗುತ್ತಿತ್ತು. ಎಲ್ಲ ಬರೆದು ತಜ್ಞನಿಗೆ ಕಳಿಸಿದೆ.

ಅವನು ಜುಲೈಯಲ್ಲಿ ಬಂದ. ದೋಣಿಯಲ್ಲಿ ಕರೆದುಕೊಂಡು ಹೋದೆ. ಕರಗಿದ ಕಾಳನ್ನು ಅವನ ಮುಂದೆ ಹಿಡಿದೆ. ಮುಟ್ಟಲಿಲ್ಲ. ನಾಖುದಾ ತನ್ನ ಮಾತನ್ನು ಮತ್ತೆ ಹೇಳಿದ, ನಾನು ಇಂಗ್ಲಿಷಿಗೆ ಮಾಡಿದೆ.

"ಬಹಳ ಕಾವ್ಯಮಯ" ಎಂದ ತಜ್ಞ. "ಬಲೆಯಲ್ಲಿ ಏನೋ ದೋಷವಿದೆ. ಈ ಪಂಜರ ಲೆಕ್ಕಕ್ಕೆ ಬೇಡ."

"ಡೈವರ್ ಇಳಿದು ನೋಡಿದ್ದಾನೆ. ಬಲೆ ಸರಿಯಿದೆ."

"ನಿಮ್ಮ ಕೆಲಸ ತೂಗುವುದು. ಅರ್ಥ ಮಾಡುವುದು ನನ್ನ ಕೆಲಸ."

ದಡ ಮುಟ್ಟುವವರೆಗೆ ನಾನು ಅವನ ಕಡೆ ತಿರುಗಲಿಲ್ಲ. ನೀರಿಗೆ ತಳ್ಳಿಬಿಡಲೇ ಎಂದು ಒಂದು ಸಲ ಅನ್ನಿಸಿದ್ದು ಸುಳ್ಳಲ್ಲ.

ಮರುದಿನ ಮ್ಯಾನೇಜರ್ ಕರೆದರು. ಅವರು ಮೈಸೂರಿನವರು, ನಯವಾಗಿ ಮಾತಾಡುವವರು. ಮೇಜಿನ ಮೇಲೆ ಐದೇ ಪಂಜರದ ಪಟ್ಟಿ, ಕೆಳಗೆ ನನ್ನ ಸಹಿಗೆ ಜಾಗ.

"ನೋಡಮ್ಮ, ಇವ್ರ ರಿಪೋರ್ಟ್ ಚೆನ್ನಾಗಿ ಬಂದ್ರೆ ನಮ್ ಮೀನು ಯುರೋಪಿಗೆ ಹೋಗತ್ತೆ. ಒಂದು ಪಂಜರ ತಾನೆ? ಸೈನ್ ಮಾಡ್ಬಿಡಿ."

"ಆಗೋದಿಲ್ಲ ಸರ್."

ಅವರು ಎದ್ದು ಬಾಗಿಲು ಹಾಕಿ ಬಂದರು. "ಎರಡು ವರ್ಷದ ಹಿಂದೆ ತಪಾಸಣೆಗೆ ಬರ್ತಾರೆ ಅಂದಾಗ, ಸತ್ತ ಮೀನನ್ನೆಲ್ಲ ಸ್ಯಾಂಪಲ್‌ಗೆ ತೆಗೆದಿದ್ದು ಅಂತ ಬರೆದವ್ರು ಯಾರಮ್ಮ? ಆಗ ಆಗೋದಿಲ್ಲ ಅನ್ಲಿಲ್ವಲ್ಲ?"

ನನ್ನ ಮುಖ ಉರಿಯಿತು. ನಿಜವೇ. ಬರೆಯಲು ಹೇಳಿದ್ದು ಅವರೇ, ಆದರೆ ಬರೆದದ್ದು ನಾನು. ಹೊಸದಾಗಿ ಸೇರಿದ್ದೆ, ಹೆದರಿದ್ದೆ. ಅದನ್ನು ಅವರು ಇಷ್ಟು ದಿನ ಜೋಪಾನವಾಗಿ ಇಟ್ಟುಕೊಂಡಿದ್ದರು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಊಟ ನಿಲ್ಲಿಸಿ ನನ್ನನ್ನೇ ನೋಡಿದರು.

"ನೀನೆಂತ ಸಮುದ್ರ ಉದ್ಧಾರ ಮಾಡ್ಲಿಕ್ಕೆ ಬಂದದ್ದಾ ಇಲ್ಲಿಗೆ? ಒಂದು ಸೈನ್ ಹಾಕಿ ಬಿಡು ಮಾರಾಯ್ತಿ."

"ನಾನು ಹಾಕುದಿಲ್ಲ."

"ಹಾಕದಿದ್ರೆ ಮನೆಯಲ್ಲಿ ಕೂತ್ಕೊಳ್ಬೇಕಾಗ್ತದೆ."

"ಕೂತ್ಕೊಳ್ತೇನೆ. ನಿಮಗೆಂತ ಕಷ್ಟ?"

ನಾಲ್ಕು ದಿನ ಮಾತಿಲ್ಲ. ಮಗಳು ಇಬ್ಬರ ನಡುವೆ ಇಂಗ್ಲಿಷಿನಲ್ಲಿ ಸುದ್ದಿ ಮುಟ್ಟಿಸುತ್ತಿದ್ದಳು.

ಐದನೆಯ ದಿನ ನಾನು ಹಳೆಯ ರಿಜಿಸ್ಟರ್ ತೆಗೆದೆ. ಎರಡು ವರ್ಷದ ಹಿಂದಿನ ಆ ಪುಟದಲ್ಲಿ ನನ್ನ ಸುಳ್ಳನ್ನು ಒಂದೇ ಗೆರೆಯಿಂದ ಹೊಡೆದು, ಪಕ್ಕದಲ್ಲಿ "ಇವು ಸತ್ತ ಮೀನುಗಳು, ಆಗ ತಪ್ಪಾಗಿ ಬರೆದಿದ್ದೇನೆ" ಎಂದು ಬರೆದು, ತಿದ್ದಿದ ದಿನದ ತಾರೀಖನ್ನೇ ಹಾಕಿ ಸಹಿ ಮಾಡಿದೆ. ಪುಟದ ಪ್ರತಿ ತೆಗೆದು ಮ್ಯಾನೇಜರರ ಮೇಜಿನ ಮೇಲಿಟ್ಟೆ. ಅವರು ಓದಿದರು. ಕನ್ನಡಕ ತೆಗೆದರು. "ನಿಮ್ಗೆ ತಲೆ ಕೆಟ್ಟಿದೆ" ಎಂದರು. ಇರಬಹುದು. ಆದರೆ ಆಮೇಲೆ ಅವರು ಆ ಮಾತನ್ನು ನನ್ನ ಮುಂದೆ ಎತ್ತಲಿಲ್ಲ.

ಐದು ಪಂಜರದ ಪಟ್ಟಿಗೆ ಬೇರೆ ಯಾರೋ ಸಹಿ ಹಾಕಿದರು. ಸೆಪ್ಟೆಂಬರಿನಲ್ಲಿ ಮಸ್ಕತ್ತಿನ ಹೋಟೆಲೊಂದರಲ್ಲಿ ಸಭೆ. ಲ್ಯಾಬಿನಿಂದ ಒಬ್ಬರು ಬರಬೇಕೆಂದು ಪತ್ರದಲ್ಲೇ ಇದ್ದುದರಿಂದ ನನ್ನನ್ನೂ ಕಾರಿನಲ್ಲಿ ಹಾಕಿಕೊಂಡು ಹೋದರು. ತಜ್ಞ ವೇದಿಕೆ ಹತ್ತಿ ಗ್ರಾಫ್ ತೋರಿಸಿದ. ಎರಡು ಹಸಿರು ಗೆರೆ ಮೇಲಕ್ಕೆ ಏರುತ್ತಿದ್ದವು. ಚಪ್ಪಾಳೆ ಬಿತ್ತು. ಪ್ರಶ್ನೆಗಳಿವೆಯೇ ಎಂದರು. ನಾನು ಹಿಂದಿನ ಸಾಲಿನಲ್ಲಿ ಎದ್ದು ನಿಂತೆ. ಮೈಕ್ ಕೊಡಲು ಯಾರೂ ಬರಲಿಲ್ಲ, ದನಿಯೆತ್ತಿ ಕೇಳಿದೆ.

"ಹೊಸ ಆಹಾರ ಹಾಕಿದ್ದು ಮೂರು ಪಂಜರಕ್ಕೆ. ಮೂರನೆಯ ಗೆರೆ ಎಲ್ಲಿ?"

ಅವನು ಮುಗುಳ್ನಕ್ಕ. "ಒಳ್ಳೆಯ ಪ್ರಶ್ನೆ. ಅಲ್ಲಿ ಬಲೆಯ ಸಮಸ್ಯೆ ಇತ್ತು."

"ಇರಲಿಲ್ಲ. ಡೈವರ್ ಬರೆದುಕೊಟ್ಟದ್ದು ನನ್ನ ಬ್ಯಾಗಿನಲ್ಲಿದೆ. ಆ ಮೀನುಗಳು ಸೊರಗಿದ್ದು ನೀರು ನಿಂತಿದ್ದರಿಂದ. ನಿಮ್ಮ ಕಾಳು ನಿಂತ ಬಿಸಿ ನೀರಿನಲ್ಲಿ ಕರಗುತ್ತದೆ. ನೀವು ತಿಳಿಯಲು ಬಂದದ್ದು ಅದನ್ನೇ ಅಲ್ಲವೇ?"

ಸಭೆಯಲ್ಲಿ ಕುರ್ಚಿ ಸರಿಸುವ ಸದ್ದು. ಅಧ್ಯಕ್ಷರು ವೇಳೆಯಾಯಿತೆಂದರು. ಒಬ್ಬರಾದರೂ ಬಂದು ಆ ಕಾಗದ ಕೇಳುತ್ತಾರೆಂದು ಊಟದ ಹೊತ್ತಿನವರೆಗೂ ಬ್ಯಾಗನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದೆ. ಯಾರೂ ಬರಲಿಲ್ಲ. ಬಂದದ್ದು ಅವನೊಬ್ಬನೇ.

"ನನ್ನನ್ನು ಅವಮಾನಿಸಿ ನಿಮಗೆ ಏನು ಸಿಕ್ಕಿತು?"

"ನಿಂತ ನೀರಿನಲ್ಲಿ ಈ ಕಾಳು ಹಾಕಿದರೆ ಮೀನು ಸಾಯುತ್ತವೆ" ಎಂದೆ. "ನಿಮಗೆ ಅವಮಾನವಾದರೂ, ಆಗದಿದ್ದರೂ."

ಮರುವಾರ ಮ್ಯಾನೇಜರ್ ನನ್ನನ್ನು ಲ್ಯಾಬಿನಿಂದ ತೆಗೆದು ಪ್ಯಾಕಿಂಗ್ ಶೆಡ್ಡಿಗೆ ಹಾಕಿದರು. ಥರ್ಮಾಮೀಟರ್ ಹಿಡಿದು ಐಸ್ ಪೆಟ್ಟಿಗೆಗಳ ನಡುವೆ ನಿಲ್ಲುವ ಕೆಲಸ. ಬೆರಳು ಮರಗಟ್ಟುತ್ತಿತ್ತು. ಬಿಟ್ಟು ಹೋಗುತ್ತೇನೆಂದು ಅವರು ಎಣಿಸಿದ್ದರು. ಅದಕ್ಕೇ ನಾನು ಬಿಡಲಿಲ್ಲ.

ಮುಂದಿನ ಬೇಸಗೆಗೆ ಎಲ್ಲ ಪಂಜರಗಳಿಗೂ ಹೊಸ ಕಾಳೇ. ಗುಡ್ಡದ ಮರೆಯ ಮೂಲೆಗೆ ಇನ್ನೂ ಎರಡು ಪಂಜರ ತಂದು ಕಟ್ಟಿದ್ದರು. ಜೂನಿನ ಒಂದು ಬೆಳಿಗ್ಗೆ ನಾಖುದಾ ಶೆಡ್ಡಿಗೆ ಬಂದು ಏನೂ ಹೇಳದೆ ಕೈಬೀಸಿ ಕರೆದ. ಜೆಟ್ಟಿಯಲ್ಲಿ ಕ್ರೇಟುಗಟ್ಟಲೆ ಸತ್ತ ಮೀನು, ಅದೇ ತೆಳ್ಳನೆಯ ಬೆನ್ನು, ಅದೇ ಹುಣ್ಣು. ನನಗೆ ಮೊದಲು ಆದದ್ದು ಸಂತೋಷ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಆಮೇಲೆ ಒಂದು ಕ್ರೇಟಿನಲ್ಲಿ ಇನ್ನೂ ಕಿವಿರು ಆಡಿಸುತ್ತಿದ್ದ ಒಂದೆರಡು ಮೀನು ಕಂಡವು. ಸಂತೋಷ ಅಲ್ಲಿಗೇ ನಿಂತಿತು.

ಎರಡು ದಿನ ಬಿಟ್ಟು ತಜ್ಞನ ಮೇಲ್ ಬಂತು. ಆರನೆಯ ಪಂಜರದ ಪೂರ್ತಿ ದಾಖಲೆ ಕಳಿಸಬೇಕಂತೆ. ಕ್ಷಮೆಯ ಮಾತಿಲ್ಲ. ಉತ್ತರಿಸದೆ ಇರೋಣವೆಂದು ಒಂದಿಡೀ ದಿನ ಸುಮ್ಮನಿದ್ದೆ. ಆದರೆ ಮೂಲೆಯ ಪಂಜರಗಳಲ್ಲಿ ಇನ್ನೂ ಬದುಕಿದ್ದ ಮೀನುಗಳಿದ್ದವು. ಎಲ್ಲ ಕಳಿಸಿದೆ, "ಪಂಜರಗಳನ್ನು ಇವತ್ತೇ ಹರಿವಿರುವ ಕಡೆಗೆ ಎಳೆಸಿ" ಎಂದಷ್ಟೇ ಬರೆದು. ಎಳೆಸಿದರು. ಉಳಿದವು ಉಳಿದುಕೊಂಡವು.

ಮ್ಯಾನೇಜರ್ ಕರೆದು, "ಲ್ಯಾಬಿಗೆ ವಾಪಸ್ ಬಂದ್ಬಿಡಮ್ಮ" ಎಂದರು.

"ರಿಜಿಸ್ಟರಿಗೆ ನಾನೊಬ್ಬಳೇ ಸಹಿ ಮಾಡುವುದಾದರೆ ಬರ್ತೇನೆ ಸರ್."

ಅವರು ಹೂಂ ಎಂದರು, ನನ್ನ ಮುಖ ನೋಡದೆ. ಗಂಡ ಸುದ್ದಿ ಕೇಳಿ, "ಈಗಲಾದ್ರೂ ಆ ತಜ್ಞನ ಹತ್ರ ಚೆಂದ ಮಾತಾಡು ಮಾರಾಯ್ತಿ" ಎಂದರು. ಈ ವರ್ಷವೂ ಅವನು ಎರಡು ಸಲ ಬಂದು ಹೋದ. ಕೇಳಿದ ಅಂಕಿಗಳನ್ನು ಕೊಟ್ಟೆ. ಹೋಗುವಾಗ ಕೈ ಚಾಚಿದ. ನನ್ನ ಕೈಯಲ್ಲಿ ಕೈಗವಸಿತ್ತು, ಕೊಯ್ಯುತ್ತಿದ್ದ ಮೀನಿನ ರಕ್ತವಿತ್ತು. ಕೈಗವಸು ತೆಗೆಯಬಹುದಿತ್ತು. ತೆಗೆಯಲಿಲ್ಲ.